ಸೈನಿಕನ ಗುರುತಿನ ಬಿಲ್ಲೆ ಮಾರುವ ವಸ್ತುವಲ್ಲ: ಯುದ್ಧಭೂಮಿ ಅಗೆಯುವ ಹವ್ಯಾಸಿಗಳಿಗೊಂದು ಬಹಿರಂಗ ಪತ್ರ

ಹಳೆಯ ಯುದ್ಧಭೂಮಿಗಳಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಅಗೆಯುವ ಹವ್ಯಾಸಿಗಳಿಗೆ, ಅವರು ತೆಗೆದದ್ದನ್ನು ಕೊಳ್ಳುವ ಸಂಗ್ರಾಹಕರಿಗೆ, ಅದನ್ನು ಹರಾಜಿಗಿಡಲು ಜಾಗ ಕೊಡುವ ಆನ್‌ಲೈನ್ ಮಾರುಕಟ್ಟೆಗಳ ಒಡೆಯರಿಗೆ,

ಮಾನ್ಯರೇ, ನಮಸ್ಕಾರ.

ಈ ಪತ್ರ ಬರೆಯುತ್ತಿರುವ ನಾನೂ ನಿಮ್ಮಲ್ಲೊಬ್ಬ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಡಿಟೆಕ್ಟರನ್ನು ನೆಲಕ್ಕೆ ತಾಗಿಯೂ ತಾಗದ ಹಾಗೆ ಆಚೀಚೆ ಆಡಿಸುತ್ತಾ ಗಂಟೆಗಟ್ಟಲೆ ನಡೆಯುವ ಸುಖ ನನಗೆ ಚೆನ್ನಾಗಿ ಗೊತ್ತು. ಸದ್ದು ಬಂದ ಕೂಡಲೇ ಎದೆ ಡವಗುಟ್ಟುತ್ತದೆ. ಅಗೆದರೆ ಬಹಳ ಸಲ ಮೊಳೆಯೋ ಮುಳ್ಳುತಂತಿಯ ತುಂಡೋ ಸಿಗುತ್ತದೆ, ಅಷ್ಟೇ. ಆದರೆ ಯಾವತ್ತೋ ಒಂದು ದಿನ ಅಂಗಿಯ ಹಿತ್ತಾಳೆ ಗುಂಡಿಯೊಂದು ಕೈಗೆ ಬರುತ್ತದೆ. ಮಣ್ಣು ಒರೆಸಿದರೆ ಅದರ ಮೇಲೆ ಯಾವುದೋ ಪಡೆಯ ಲಾಂಛನ. ಅದನ್ನು ಕೊನೆಯ ಸಲ ಮುಟ್ಟಿದವನು ಆ ದಿನ ಬೆಳಿಗ್ಗೆ ಅಂಗಿ ಹಾಕಿಕೊಂಡ ಸೈನಿಕ. ಆ ಕ್ಷಣದ ರೋಮಾಂಚನ ಬೇರೆ ಯಾವ ಹವ್ಯಾಸದಲ್ಲೂ ನನಗೆ ಸಿಕ್ಕಿಲ್ಲ. ಹಾಗಾಗಿ ದಯವಿಟ್ಟು ಈ ಪತ್ರವನ್ನು ಏನೂ ತಿಳಿಯದ ಹೊರಗಿನವರ ತಕರಾರು ಅಂತ ಬದಿಗಿಡಬೇಡಿ.

ನನ್ನ ದೂರು ಇಷ್ಟೇ. ನಮ್ಮಲ್ಲಿ ಕೆಲವರು ಸತ್ತ ಸೈನಿಕರ ಗುರುತಿನ ಬಿಲ್ಲೆಗಳನ್ನು ಮೂಳೆಗಳ ನಡುವಿನಿಂದ ಕಿತ್ತು ತಂದು ಮಾರುತ್ತಿದ್ದಾರೆ. ಕೆಲವರು ಅದನ್ನು ಕೊಳ್ಳುತ್ತಿದ್ದಾರೆ. ಉಳಿದ ನಾವೆಲ್ಲ ನೋಡಿಯೂ ನೋಡದವರಂತೆ ಇದ್ದೇವೆ. ಇದು ನಿಲ್ಲಬೇಕು.

ಬಿಲ್ಲೆಯ ಲೆಕ್ಕ ಹೇಗೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮಲ್ಲಿ ತುಂಬಾ ಜನರಿಗೆ ಇದು ಗೊತ್ತಿರುತ್ತದೆ, ಆದರೆ ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಎರಡನೇ ಮಹಾಯುದ್ಧದ ಜರ್ಮನ್ ಸೈನಿಕನ ಕೊರಳಲ್ಲಿ ಮೊಟ್ಟೆಯಾಕಾರದ ಒಂದು ಬಿಲ್ಲೆ ಇರುತ್ತಿತ್ತು. ಸತುವಿನದು ಅಥವಾ ಅಲ್ಯೂಮಿನಿಯಂನದು. ನಡುವೆ ಅಡ್ಡಕ್ಕೆ ಸೀಳುಗಳ ಸಾಲು. ಮೇಲಿನ ಅರ್ಧದಲ್ಲಿ ಏನು ಬರೆದಿದೆಯೋ ಕೆಳಗಿನ ಅರ್ಧದಲ್ಲೂ ಅದೇ. ಸೈನಿಕ ಸತ್ತರೆ ಜೊತೆಗಾರರು ಕೆಳಗಿನ ಅರ್ಧವನ್ನು ಮುರಿದುಕೊಂಡು ವರದಿಗೆ ಕಳಿಸುತ್ತಿದ್ದರು. ಮೇಲಿನ ಅರ್ಧ ಹೆಣದ ಜೊತೆಯಲ್ಲೇ ಮಣ್ಣಿಗೆ ಹೋಗುತ್ತಿತ್ತು. ಈಗ ಯೋಚನೆ ಮಾಡಿ. ಮೂಳೆಗಳ ಜೊತೆ ಮುರಿಯದ, ಇಡೀ ಬಿಲ್ಲೆ ಸಿಕ್ಕಿತು ಅಂದರೆ ಏನರ್ಥ? ಅವನು ಸತ್ತಿದ್ದನ್ನು ಯಾರೂ ವರದಿ ಮಾಡಿರಲಿಕ್ಕಿಲ್ಲ. ಅವನ ಮನೆಯವರಿಗೆ ಬಂದ ಕಾಗದದಲ್ಲಿ ‘ಕಾಣೆಯಾಗಿದ್ದಾನೆ’ ಅಂತ ಇತ್ತೇ ಹೊರತು ಬೇರೇನೂ ಇರಲಿಕ್ಕಿಲ್ಲ. ಮಾರುಕಟ್ಟೆಯಲ್ಲಿ ಮುರಿದ ಬಿಲ್ಲೆಗಿಂತ ಇಡೀ ಬಿಲ್ಲೆಗೇ ಬೆಲೆ ಜಾಸ್ತಿ. ಯಾವ ಬಿಲ್ಲೆ ಒಂದು ಮನೆತನಕ್ಕೆ ಅತಿ ಹೆಚ್ಚು ಬೇಕಾಗಿದೆಯೋ, ಅದೇ ಹರಾಜಿನಲ್ಲಿ ಅತಿ ಬೇಗ ಕೈ ಬದಲಾಗುತ್ತದೆ.

ಇನ್ನೊಂದು ಮಾತು. ಆ ಬಿಲ್ಲೆಯ ಮೇಲೆ ಸೈನಿಕನ ಹೆಸರು ಇರುವುದಿಲ್ಲ. ಪಡೆಯ ಸಂಕ್ಷಿಪ್ತ ಹೆಸರು, ಒಂದು ಸಂಖ್ಯೆ, ಬಹಳ ಸಲ ರಕ್ತದ ಗುಂಪು, ಇಷ್ಟೇ. ಯಾವ ಸಂಖ್ಯೆ ಯಾರದು ಅನ್ನುವ ದಾಖಲೆ ಬರ್ಲಿನ್‌ನಲ್ಲಿದೆ. ಮೊದಲು ಅದಕ್ಕೇ ಒಂದು ಪ್ರತ್ಯೇಕ ಕಚೇರಿ ಇತ್ತು, 2019ರಿಂದ ಅದು ಜರ್ಮನಿಯ ಫೆಡರಲ್ ಆರ್ಕೈವ್ಸ್‌ನ ಭಾಗವಾಗಿದೆ. ಬೀಗ ಅಲ್ಲಿದೆ, ಕೀಲಿಕೈ ನಿಮ್ಮ ಡಬ್ಬಿಯಲ್ಲಿದೆ. ಎರಡೂ ಸೇರಿದರೆ ಮಾತ್ರ ಒಂದು ಹೆಸರು ಹೊರಗೆ ಬರುತ್ತದೆ.

ಬ್ರಿಟಿಷ್ ಸೈನಿಕರ ಕಥೆ ಇದಕ್ಕಿಂತ ಕಷ್ಟದ್ದು. ಮೊದಲ ಮಹಾಯುದ್ಧದ ನಡುವೆ, 1916ರ ವರೆಗೆ, ಅವರಿಗೆ ಕೊಡುತ್ತಿದ್ದದ್ದು ಒಂದೇ ಬಿಲ್ಲೆ. ಸತ್ತ ಮೇಲೆ ದಾಖಲೆಗೆಂದು ಅದನ್ನು ಬಿಚ್ಚಿಕೊಂಡರೆ ಹೆಣದ ಮೇಲೆ ಗುರುತೇ ಉಳಿಯುತ್ತಿರಲಿಲ್ಲ. ಆ ವರ್ಷದ ಸೆಪ್ಟೆಂಬರಿನಿಂದ ಎರಡು ಬಿಲ್ಲೆಗಳು ಬಂದವು. ಕೆಂಪು ದುಂಡನೆಯದನ್ನು ಬಿಚ್ಚಿಕೊಳ್ಳಬೇಕು, ಎಂಟು ಮೂಲೆಯ ಹಸಿರು ಬಿಲ್ಲೆ ಹೆಣದ ಮೇಲೆಯೇ ಇರಬೇಕು. ಆದರೆ ಎರಡೂ ನಾರಿನಿಂದ ಮಾಡಿದ್ದವು. ಒದ್ದೆ ಮಣ್ಣಿನಲ್ಲಿ ಹೆಚ್ಚಿನವು ಕೊಳೆತು ಹೋದವು. ಹಾಗಾಗಿ ಅಲ್ಲಿ ಸಿಗುವ ಸೈನಿಕನಿಗೆ ಹೆಸರು ಕೊಡಲು ಉಳಿಯುವುದು ಚಿಲ್ಲರೆ ವಸ್ತುಗಳು ಮಾತ್ರ. ಭುಜದ ಮೇಲಿನ ಪಡೆಯ ಹಿತ್ತಾಳೆ ಅಕ್ಷರಗಳು, ಚಮಚದ ಹಿಡಿಯ ಮೇಲೆ ಗೀಚಿಕೊಂಡ ಸಂಖ್ಯೆ, ಉಂಗುರ, ಗಡಿಯಾರದ ಹಿಂಬದಿ. ನಾವು ‘ಇದೇನು ಮಹಾ’ ಅಂದುಕೊಂಡು ಜೇಬಿಗಿಳಿಸುವುದು ಇಂಥವನ್ನೇ ಅಲ್ವಾ?

ಸೋವಿಯತ್ ಸೈನಿಕರ ಬಳಿ ಇದ್ದದ್ದು ಎಬೊನೈಟ್ ಅನ್ನುವ ಗಟ್ಟಿ ರಬ್ಬರಿನ ಪುಟ್ಟ ಕೊಳವೆ. ತಿರುಪು ಮುಚ್ಚಳ ಇರುವಂಥದ್ದು. ಒಳಗೆ ಸುರುಳಿ ಸುತ್ತಿದ ಕಾಗದದ ಪಟ್ಟಿ. ಹೆಸರು, ಹುಟ್ಟಿದ ಊರು, ಮನೆಯವರ ವಿಳಾಸ ಅದರಲ್ಲಿ ತುಂಬಬೇಕಿತ್ತು. ತುಂಬಿದರೆ ಸಾವು ಬರುತ್ತದೆ ಅಂತ ಹೆದರಿ ಎಷ್ಟೋ ಜನ ಖಾಲಿ ಬಿಟ್ಟರು. 1942ರ ಕೊನೆಯಲ್ಲಿ ಆ ಪದ್ಧತಿಯನ್ನೇ ಕೈಬಿಟ್ಟರು. ಹೀಗಿರುವಾಗ ಬರೆದ ಕಾಗದ ಇರುವ ಒಂದು ಕೊಳವೆ ಸಿಗುವುದು ಎಷ್ಟು ಅಪರೂಪ ನೋಡಿ. ಅದನ್ನು ಕುತೂಹಲ ತಾಳದೆ ಗುಂಡಿಯ ಪಕ್ಕದಲ್ಲೇ ನಿಂತು ಬಿಚ್ಚಿ, ನೆನೆದ ಕಾಗದವನ್ನು ಬೆರಳಲ್ಲಿ ಬಿಡಿಸಲು ಹೋದರೆ ಅಕ್ಷರಗಳು ಕೈಗೆ ಅಂಟಿಕೊಂಡು ಬರುತ್ತವೆ. ಮತ್ತೆ ಅದನ್ನು ಯಾರೂ ಓದಲಾರರು. ಪ್ರಯೋಗಾಲಯದಲ್ಲಿ ನಿಧಾನವಾಗಿ ಬಿಡಿಸಿ, ಬೆಳಕಿನಡಿ ಇಟ್ಟು ಓದುವವರು ಇದ್ದಾರೆ. ಅವರ ಕೈಗೆ ತಲುಪುವವರೆಗೆ ಕಾಯುವಷ್ಟು ತಾಳ್ಮೆ ನಮಗೆ ಬೇಕು.

ಇನ್ನು ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಊರು, ದೇಶ ಹೇಳುವುದಿಲ್ಲ, ಹೇಳಿದರೆ ನಾಳೆಯೇ ಅಲ್ಲಿಗೆ ಇನ್ನಷ್ಟು ಗುದ್ದಲಿಗಳು ಹೋಗುತ್ತವೆ. ಕಾಡಿನ ನಡುವೆ ಹಳೆಯ ಕಂದಕದ ಸಾಲು. ಅನುಮತಿ ಪಡೆದ ತಂಡವೊಂದರ ಜೊತೆ ನಾನು ಅಲ್ಲಿಗೆ ಹೋಗಿದ್ದೆ. ನಮಗಿಂತ ಮೊದಲೇ ಯಾರೋ ಬಂದು ಹೋಗಿದ್ದರು. ಗುಂಡಿ ಮೊಣಕಾಲಿನಷ್ಟು ಆಳ. ಮರದ ಬೇರುಗಳನ್ನು ಸನಿಕೆಯಿಂದ ಕಡಿದ ಗಾಯ ಇನ್ನೂ ಬೆಳ್ಳಗಿತ್ತು. ಗುಂಡಿಯ ಅಂಚಿನಲ್ಲಿ ಬೂಟಿನ ಅಟ್ಟೆ ಬಿದ್ದಿತ್ತು. ಅದರ ಮೊಳೆಗಳು ಸಾಲು ತಪ್ಪದೆ ಹಾಗೇ ಇದ್ದವು, ಒಳಗೆ ಕಾಲಿನ ಸಣ್ಣ ಮೂಳೆಗಳೂ ಇದ್ದವು. ಪಕ್ಕೆಲುಬುಗಳು ಮಣ್ಣಿನ ಗುಡ್ಡೆಯ ಜೊತೆ ಬೆರೆತಿದ್ದವು. ತಲೆಬುರುಡೆಯನ್ನು ಪಕ್ಕಕ್ಕೆ ಸರಿಸಿ ಇಟ್ಟಿದ್ದರು, ಅಡ್ಡ ಬಂದ ಕಲ್ಲನ್ನು ಸರಿಸಿದ ಹಾಗೆ. ಬಕಲ್ ಇರಲಿಲ್ಲ, ಹೆಲ್ಮೆಟ್ ಇರಲಿಲ್ಲ, ಬಿಲ್ಲೆ ಇರಲಿಲ್ಲ. ಕೊರಳಿನ ಹತ್ತಿರದ ಮೂಳೆಯ ಮೇಲೆ ಲೋಹದ ಬೂದು ಕಲೆ ಮಾತ್ರ ಇತ್ತು.

ನಮ್ಮ ತಂಡದ ಹಿರಿಯರು ಮಂಡಿಯೂರಿ ಕೂತು, ಗುಡ್ಡೆ ಹಾಕಿದ ಮಣ್ಣನ್ನೆಲ್ಲ ಮತ್ತೆ ಜರಡಿ ಹಿಡಿದರು. ಕತ್ತಲಾಗುವವರೆಗೂ ಹಿಡಿದರು. ಹೆಸರು ಹೇಳುವಂಥದ್ದು ಒಂದೂ ಸಿಗಲಿಲ್ಲ. ಆ ಸೈನಿಕನನ್ನು ‘ಗುರುತು ಸಿಗದವನು’ ಅಂತಲೇ ಮಣ್ಣು ಮಾಡಿದರು. ಅವನಿಗೆ ಗುರುತು ಇತ್ತು. ಯುದ್ಧ ಮುಗಿದು ದಶಕಗಳು ಕಳೆದರೂ ಅದು ಅವನ ಕೊರಳಲ್ಲೇ ಇತ್ತು. ಕಳೆದದ್ದು ನಮ್ಮ ಕಾಲದಲ್ಲಿ, ನಮ್ಮಂಥವರ ಕೈಯಿಂದ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಇಳಿದಿಲ್ಲ.

ಅದಾದ ಮೇಲೆ ಸೇನಾ ವಸ್ತುಗಳ ಸಂತೆಯೊಂದಕ್ಕೆ ಹೋದೆ. ಮೇಜಿನ ಮೇಲೆ ಮರದ ಪೆಟ್ಟಿಗೆ, ಅದರ ತುಂಬಾ ಬಿಲ್ಲೆಗಳು, ಒಂದೊಂದಕ್ಕೂ ದಾರ ಕಟ್ಟಿ ಬೆಲೆಯ ಚೀಟಿ. ಒಂದನ್ನು ಕೈಗೆತ್ತಿಕೊಂಡೆ. ಸೀಳುಗಳ ಒಳಗೆ ಮಣ್ಣು ಹಾಗೇ ಇತ್ತು. ಎಲ್ಲಿ ಸಿಕ್ಕಿದ್ದು ಅಂತ ಕೇಳಿದೆ. ‘ಪೂರ್ವದ ಕಡೆ ಎಲ್ಲೋ’ ಅಂದರು. ಜೊತೆಗೆ ಇನ್ನೇನಾದರೂ ಇತ್ತಾ ಅಂದೆ. ಭುಜ ಕುಣಿಸಿದರು. ಪಕ್ಕದಲ್ಲಿದ್ದ ಒಬ್ಬ ಯುವಕ ಎರಡನ್ನು ಆರಿಸಿಕೊಂಡು ಹೋದ. ಕೆಟ್ಟ ಹುಡುಗನೇನಲ್ಲ, ಇತಿಹಾಸದ ಮೇಲೆ ನಿಜವಾದ ಪ್ರೀತಿ ಇದ್ದವನು ಅಂತ ಮಾತಿನಲ್ಲೇ ತಿಳಿಯುತ್ತಿತ್ತು. ಬಿಲ್ಲೆ ಇಡೀ ಇದ್ದರೆ ಏನರ್ಥ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಈ ಮಾತು ಎತ್ತಿದಾಗಲೆಲ್ಲ ನನಗೆ ಸಿಗುವ ಉತ್ತರ ಒಂದೇ. ‘ನಾವು ತೆಗೆಯದೇ ಇದ್ದರೆ ಅದು ಮಣ್ಣಲ್ಲೇ ತುಕ್ಕು ಹಿಡಿದು ಹೋಗುತ್ತಿತ್ತು. ನಾವು ಉಳಿಸುತ್ತಿದ್ದೇವೆ.’ ಇದರಲ್ಲಿ ಸತ್ಯ ಇಲ್ಲ ಅನ್ನಲಾರೆ. ಉಳುಮೆಯ ನೇಗಿಲು, ಹೊಲಕ್ಕೆ ಸುರಿಯುವ ಗೊಬ್ಬರ, ಹೊಸ ರಸ್ತೆ, ಕಟ್ಟಡದ ಪಾಯ, ಎಲ್ಲವೂ ಸೇರಿ ಯುದ್ಧಭೂಮಿಗಳನ್ನು ತಿನ್ನುತ್ತಿವೆ. ಆದರೆ ಉಳಿಸುವುದು ಅಂದರೆ ಏನು? ವಸ್ತು ಉಳಿದರೆ ಸಾಕೇ? ಅದು ಎಲ್ಲಿತ್ತು, ಯಾವ ಆಳದಲ್ಲಿತ್ತು, ಪಕ್ಕದಲ್ಲಿ ಏನಿತ್ತು ಅನ್ನುವುದು ಹೋದ ಮೇಲೆ ಕೈಯಲ್ಲಿ ಉಳಿಯುವುದು ಸುಮ್ನೆ ಒಂದು ಲೋಹದ ಚೂರು.

ಲಿಟಲ್ ಬಿಗ್‌ಹಾರ್ನ್ ಕದನದ ವಿಷಯ ನಿಮಗೆ ಗೊತ್ತಿರಬಹುದು. 1876ರ ಜೂನ್‌ನಲ್ಲಿ ಅಮೆರಿಕದ ಮೊಂಟಾನಾ ಪ್ರದೇಶದಲ್ಲಿ ಅಮೆರಿಕದ ಸೇನಾಧಿಕಾರಿ ಕಸ್ಟರ್ ಮತ್ತು ಅವನ ನೇರ ನಾಯಕತ್ವದ ತುಕಡಿಗಳ ಸೈನಿಕರೆಲ್ಲ ಅಲ್ಲಿನ ಮೂಲನಿವಾಸಿಗಳಾದ ಲಕೋಟಾ, ಶಾಯೆನ್ ಯೋಧರ ಕೈಯಲ್ಲಿ ಸತ್ತ ಜಾಗ. ಆ ಕದನ ಹೇಗೆ ನಡೆಯಿತು ಅನ್ನುವ ಬಗ್ಗೆ ನೂರು ವರ್ಷ ವಾದ ನಡೆಯಿತು. 1983ರಲ್ಲಿ ಅಲ್ಲಿ ಕಾಡ್ಗಿಚ್ಚು ಬಿದ್ದು ಹುಲ್ಲೆಲ್ಲ ಸುಟ್ಟು ನೆಲ ಬಯಲಾಯಿತು. ಮರುವರ್ಷ ಪುರಾತತ್ವಜ್ಞರಾದ ಡಗ್ಲಸ್ ಸ್ಕಾಟ್ ಮತ್ತು ರಿಚರ್ಡ್ ಫಾಕ್ಸ್ ನಮ್ಮಂಥ ಡಿಟೆಕ್ಟರ್ ಹವ್ಯಾಸಿಗಳನ್ನೇ ಕರೆದರು. ಎಲ್ಲರೂ ಸಾಲಾಗಿ ನಡೆದರು. ಸದ್ದು ಬಂದಲ್ಲಿ ಪುಟ್ಟ ಬಾವುಟ ನೆಟ್ಟು ಮುಂದೆ ಹೋದರು. ಹಿಂದೆ ಬಂದವರು ಅಗೆದರು, ಅವರ ಹಿಂದೆ ಬಂದವರು ಪ್ರತಿಯೊಂದರ ಜಾಗವನ್ನು ಅಳೆದು ನಕ್ಷೆಯಲ್ಲಿ ಗುರುತಿಸಿದರು. ಬಂದೂಕಿನ ಸೂಜಿ ತೋಟಾದ ತಳಕ್ಕೆ ಬಡಿದಾಗ ಬೀಳುವ ಗುರುತು ಒಂದೊಂದು ಬಂದೂಕಿಗೂ ಒಂದೊಂದು ಥರ. ಒಂದೇ ಗುರುತು ಇರುವ ಖಾಲಿ ತೋಟಾಗಳು ಎಲ್ಲೆಲ್ಲಿ ಬಿದ್ದಿವೆ ಅಂತ ನಕ್ಷೆಯಲ್ಲಿ ಸೇರಿಸಿದಾಗ, ಆ ಬಂದೂಕು ಹಿಡಿದವನು ಎಲ್ಲಿಂದ ಎಲ್ಲಿಗೆ ಸರಿದ ಅನ್ನುವುದೇ ಕಾಣಿಸಿತು. ಲಕೋಟಾ, ಶಾಯೆನ್ ಯೋಧರ ಕೈಯಲ್ಲಿ ಒಂದರ ಹಿಂದೆ ಒಂದು ಗುಂಡು ಹಾರಿಸುವ ಹೆನ್ರಿ, ವಿಂಚೆಸ್ಟರ್ ರೈಫಲ್‌ಗಳು ಎಷ್ಟಿದ್ದವು ಅನ್ನುವುದೂ ಹೊರಬಿತ್ತು. ಅವೇ ತೋಟಾಗಳನ್ನು ಯಾರೋ ಒಬ್ಬೊಬ್ಬರೇ ಹೋಗಿ ಆಯ್ದುಕೊಂಡು ಬಾಟಲಿಯಲ್ಲಿ ತುಂಬಿಟ್ಟಿದ್ದರೆ? ಹಿತ್ತಾಳೆ ಉಳಿಯುತ್ತಿತ್ತು, ಕದನ ಕಳೆದುಹೋಗುತ್ತಿತ್ತು.

ಇನ್ನೂ ಹಳೆಯದೊಂದು ಇದೆ. ಕ್ರಿ.ಶ. 9ರಲ್ಲಿ ರೋಮನ್ ಸೇನಾಪತಿ ವಾರಸ್‌ನ ಮೂರು ಲೀಜನ್‌ಗಳು, ಅಂದರೆ ಸಾವಿರಾರು ಸೈನಿಕರ ದೊಡ್ಡ ಪಡೆಗಳು, ಜರ್ಮನಿಯ ಕಾಡಿನಲ್ಲಿ ನಾಶವಾದವು. ಎಲ್ಲಿ ಅನ್ನುವುದು ಶತಮಾನಗಳ ಕಾಲ ಒಗಟಾಗಿತ್ತು. 1987ರಲ್ಲಿ ಟೋನಿ ಕ್ಲನ್ ಅನ್ನುವ ಬ್ರಿಟಿಷ್ ಸೇನಾಧಿಕಾರಿ ಬಿಡುವಿನ ವೇಳೆಯಲ್ಲಿ ಕಾಲ್‌ಕ್ರೀಸೆ ಹತ್ತಿರ ಡಿಟೆಕ್ಟರ್ ಹಿಡಿದು ಹೋದರು. ಹೋಗುವ ಮೊದಲೇ ಅಲ್ಲಿನ ಪುರಾತತ್ವ ಅಧಿಕಾರಿ ವೋಲ್ಫ್‌ಗಾಂಗ್ ಶ್ಲೂಟರ್ ಅವರನ್ನು ಕಂಡು ಮಾತಾಡಿದ್ದರು. ರೋಮನ್ ಚಕ್ರವರ್ತಿ ಅಗಸ್ಟಸ್ ಕಾಲದ ಬೆಳ್ಳಿ ನಾಣ್ಯಗಳು ಸಿಕ್ಕವು. ಸಿಕ್ಕಿದ್ದನ್ನು ಜಾಗದ ಸಮೇತ ತಿಳಿಸಿದರು. ಮುಂದಿನ ವರ್ಷ ಸೀಸದ ಮೂರು ಕವಣೆ ಗುಂಡುಗಳು ಸಿಕ್ಕವು. ನಾಣ್ಯ ವ್ಯಾಪಾರಿಯದೂ ಆಗಿರಬಹುದು, ಕವಣೆ ಗುಂಡು ಸೈನ್ಯದ್ದೇ. ಇಂದು ಅಲ್ಲಿ ಮ್ಯೂಸಿಯಂ ಇದೆ, ಆ ಕದನದ ಜಾಗ ಅಂತ ಹೆಚ್ಚಿನ ವಿದ್ವಾಂಸರು ಒಪ್ಪುವ ನೆಲ ಅದು. ಕಂಡುಹಿಡಿದದ್ದು ಪ್ರೊಫೆಸರ್ ಅಲ್ಲ, ಹವ್ಯಾಸಿ. ಹೋಗುವ ಮೊದಲು ಕೇಳಿದ, ಬಂದ ಮೇಲೆ ಹೇಳಿದ ಹವ್ಯಾಸಿ.

ಹೇಳದೇ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಜರ್ಮನಿಯದೇ ಹಾರ್ಜ್‌ಹಾರ್ನ್ ಗುಡ್ಡ ಸಾಕ್ಷಿ. 2000ದಲ್ಲಿ ಅನುಮತಿ ಇಲ್ಲದೆ ಅಗೆಯುತ್ತಿದ್ದ ಹವ್ಯಾಸಿಗಳಿಗೆ ಅಲ್ಲಿ ವಿಚಿತ್ರ ಆಕಾರದ ಒಂದು ಕಬ್ಬಿಣದ ವಸ್ತು ಸಿಕ್ಕಿತು. ಮಧ್ಯಯುಗದ ದೀಪದ ಕಂಬ ಅಂದುಕೊಂಡು ಮನೆಯಲ್ಲಿ ಇಟ್ಟುಕೊಂಡರು. 2008ರಲ್ಲಿ ಅದು ತಜ್ಞರ ಕಣ್ಣಿಗೆ ಬಿತ್ತು. ಅದು ರೋಮನ್ನರು ಪ್ರಾಣಿಗಳ ಗೊರಸಿಗೆ ಕಟ್ಟುತ್ತಿದ್ದ ಕಬ್ಬಿಣದ ಪಾದರಕ್ಷೆ. ಆಮೇಲೆ ಹುಡುಕಿದರೆ ಮೂರನೇ ಶತಮಾನದ ಒಂದು ಇಡೀ ಕದನದ ಜಾಗವೇ ಸಿಕ್ಕಿತು. ರೋಮನ್ ಸೈನ್ಯ ಆ ಕಾಲದಲ್ಲಿ ಅಷ್ಟು ಉತ್ತರಕ್ಕೆ ಹೋಗಿತ್ತು ಅಂತ ಬಹಳ ಜನ ನಂಬಿರಲಿಲ್ಲ. ಎಂಟು ವರ್ಷ ಆ ಇತಿಹಾಸ ಯಾರದೋ ಮನೆಯಲ್ಲಿ ದೀಪದ ಕಂಬವಾಗಿ ಕೂತಿತ್ತು.

ಕಾನೂನಿನ ಮಾತನ್ನು ಜಾಸ್ತಿ ಎಳೆಯುವುದಿಲ್ಲ, ನಿಮಗೆ ಅದು ತಿಳಿದಿರಲೇಬೇಕು. ಫ್ರಾನ್ಸ್‌ನಲ್ಲಿ 1989ರ ಕಾನೂನಿನ ಪ್ರಕಾರ ಐತಿಹಾಸಿಕ ವಸ್ತು ಹುಡುಕಲು ಡಿಟೆಕ್ಟರ್ ಬಳಸಬೇಕಾದರೆ ಸರ್ಕಾರದ ಅನುಮತಿ ಬೇಕು. ಬ್ರಿಟನ್‌ನಲ್ಲಿ ಸೇನಾ ವಿಮಾನ ಬಿದ್ದ ಜಾಗವನ್ನು ಅಗೆಯಲು 1986ರ ಕಾಯ್ದೆಯಡಿ ರಕ್ಷಣಾ ಇಲಾಖೆಯ ಪರವಾನಗಿ ಬೇಕು. ಅಮೆರಿಕದಲ್ಲಿ ಸರ್ಕಾರಿ ನೆಲದ ಪ್ರಾಚೀನ ವಸ್ತುಗಳನ್ನು ಕಾಯಲು 1979ರ ಕಾಯ್ದೆ ಇದೆ. ಇದ್ದೂ ಏನಾಯಿತು? 2016ರ ಮೇ ತಿಂಗಳಲ್ಲಿ, ಮಡಿದ ಸೈನಿಕರನ್ನು ನೆನೆಯುವ ದಿನದ ಹೊತ್ತಿಗೇ, ವರ್ಜೀನಿಯಾದ ಪೀಟರ್ಸ್‌ಬರ್ಗ್ ರಾಷ್ಟ್ರೀಯ ಯುದ್ಧಭೂಮಿಯಲ್ಲಿ ಕಳ್ಳರು ಅಗೆದ ಗುಂಡಿಗಳ ಸಾಲು ಕಂಡುಬಂತು. ಅಂಥವರಿಂದಾಗಿಯೇ ಅಧಿಕಾರಿಗಳು ಡಿಟೆಕ್ಟರ್ ಕಂಡ ಕೂಡಲೇ ನಮ್ಮೆಲ್ಲರನ್ನೂ ಕಳ್ಳರಂತೆ ನೋಡುವುದು. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಮೊದಲು ನಮ್ಮ ನಡುವಿನವರನ್ನು ಕೇಳಬೇಕಲ್ಲವೇ?

ಜೀವದ ವಿಷಯವೂ ಇದೆ. ಈಚೆಗೆ ಹೊಸಬರು ಹಾಕುವ ವಿಡಿಯೋಗಳನ್ನು ನೋಡಿದರೆ ಭಯವಾಗುತ್ತದೆ. ತುಕ್ಕು ಹಿಡಿದ ಶೆಲ್ (ಫಿರಂಗಿಯ ಸಿಡಿಗುಂಡು) ಒಂದನ್ನು ಗುದ್ದಲಿಯಿಂದ ಮೀಟಿ ತೆಗೆಯುತ್ತಾರೆ, ಎತ್ತಿ ಕ್ಯಾಮೆರಾಕ್ಕೆ ತೋರಿಸುತ್ತಾರೆ, ಕಾರಿನ ಡಿಕ್ಕಿಗೆ ಹಾಕುತ್ತಾರೆ. ನೂರು ವರ್ಷ ಆಯಿತು, ಇನ್ನೇನು ಸಿಡಿಯುತ್ತದೆ ಅನ್ನುವ ಧೈರ್ಯ. 2008ರಲ್ಲಿ ವರ್ಜೀನಿಯಾದ ಅನುಭವಿ ಸಂಗ್ರಾಹಕರೊಬ್ಬರು ತಮ್ಮ ಮನೆಯಂಗಳದಲ್ಲಿ ಅಮೆರಿಕದ ಅಂತರ್ಯುದ್ಧದ ಫಿರಂಗಿ ಗುಂಡೊಂದನ್ನು ಸ್ವಚ್ಛ ಮಾಡುತ್ತಿದ್ದಾಗ ಅದು ಸಿಡಿದು ಸತ್ತರು. ಆ ಯುದ್ಧ ಮುಗಿದದ್ದು 1865ರಲ್ಲಿ. ಚೂರೊಂದು ಕಾಲು ಮೈಲಿ ದೂರದ ಇನ್ನೊಂದು ಮನೆಯ ಜಗಲಿಗೆ ಹೋಗಿ ಹೊಡೆಯಿತು. 2014ರಲ್ಲಿ ಬೆಲ್ಜಿಯಂನ ಈಪರ್‌ನಲ್ಲಿ ಮೊದಲ ಮಹಾಯುದ್ಧದ ಶೆಲ್ ಸಿಡಿದು ಇಬ್ಬರು ಕಟ್ಟಡ ಕಾರ್ಮಿಕರು ಸತ್ತರು. ಅವರು ಹವ್ಯಾಸಕ್ಕೆ ಅಗೆದವರಲ್ಲ, ಹೊಟ್ಟೆಪಾಡಿಗೆ ಅಗೆದವರು. ಆ ಸೀಮೆಯ ರೈತರು ಈಗಲೂ ಉಳುವಾಗ ಸಿಕ್ಕ ಶೆಲ್‌ಗಳನ್ನು ಹೊಲದ ಬದುವಿನಲ್ಲಿಟ್ಟು ಸೇನೆಯವರು ಬಂದು ಒಯ್ಯಲಿ ಅಂತ ಕಾಯುತ್ತಾರೆ. ಕೆಲವದರಲ್ಲಿ ವಿಷಾನಿಲ ಇದೆ. ಕೆಲವು ಶೆಲ್‌ಗಳಲ್ಲಿ ತುಂಬಿದ ಪಿಕ್ರಿಕ್ ಆಮ್ಲ ಅನ್ನುವ ಸ್ಫೋಟಕ ಲೋಹದ ಜೊತೆ ಸೇರಿ ಕಾಲ ಕಳೆದಂತೆ ಇನ್ನೂ ಸೂಕ್ಷ್ಮವಾಗುತ್ತದೆ, ಸಣ್ಣ ತಿಕ್ಕಾಟಕ್ಕೂ ಸಿಡಿಯಬಹುದು. ಮುಟ್ಟಬೇಡಿ. ಜಾಗ ಗುರುತು ಮಾಡಿ, ಹಿಂದೆ ಸರಿದು, ಪೊಲೀಸರಿಗೆ ಹೇಳಿ. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ.

ಮತ್ತೆ ಬಿಲ್ಲೆಯ ವಿಷಯಕ್ಕೇ ಬರುತ್ತೇನೆ, ನನ್ನ ಮನಸ್ಸು ಅಲ್ಲೇ ಸಿಕ್ಕಿಕೊಂಡಿದೆ.

1916ರ ಜುಲೈ 19ರಂದು ಫ್ರಾನ್ಸ್‌ನ ಫ್ರೊಮೆಲ್‌ನಲ್ಲಿ ಒಂದೇ ರಾತ್ರಿಯಲ್ಲಿ ಆಸ್ಟ್ರೇಲಿಯಾದ 5,533 ಸೈನಿಕರು ಸತ್ತರು, ಗಾಯಗೊಂಡರು ಅಥವಾ ಸೆರೆಯಾದರು. ನೂರಾರು ಜನರ ಹೆಣ ಎಲ್ಲಿ ಹೋಯಿತು ಅನ್ನುವುದೇ ತಿಳಿಯಲಿಲ್ಲ. ಲ್ಯಾಂಬಿಸ್ ಎಂಗ್ಲೆಜೋಸ್ ಅನ್ನುವ ನಿವೃತ್ತ ಶಾಲಾ ಮೇಷ್ಟ್ರು ಇದರ ಬೆನ್ನು ಹತ್ತಿದರು. ಅವರು ಗುದ್ದಲಿ ಹಿಡಿಯಲಿಲ್ಲ. ಹಳೆಯ ದಾಖಲೆ ಓದಿದರು, ಯುದ್ಧಕಾಲದ ವೈಮಾನಿಕ ಚಿತ್ರಗಳನ್ನು ನೋಡಿದರು, ಫೆಸೆಂಟ್ ವುಡ್ ಅನ್ನುವ ಕಾಡಿನ ಅಂಚಿನಲ್ಲಿ ಹೆಣ ಹೂಳಲು ಜರ್ಮನ್ನರು ತೋಡಿದ ಗುಂಡಿಗಳ ಗುರುತು ಹಿಡಿದರು, ಅಧಿಕಾರಿಗಳು ಒಪ್ಪುವವರೆಗೆ ಬಿಡದೆ ಹೇಳಿದರು. 2007ರಲ್ಲಿ ತಜ್ಞರು ಡಿಟೆಕ್ಟರ್ ಹಿಡಿದು ಆ ನೆಲ ನೋಡಿದಾಗ ಆಸ್ಟ್ರೇಲಿಯಾದ ಸೈನಿಕರಿಗೆ ಊರಿನವರು ಕೊಟ್ಟ ಸಣ್ಣ ಪದಕ ಸಿಕ್ಕಿತು. ಅಲ್ಲಿ ಮಲಗಿರುವವರು ಯಾರು ಅನ್ನುವುದಕ್ಕೆ ಅದು ದೊಡ್ಡ ಆಧಾರವಾಯಿತು. 2009ರಲ್ಲಿ 250 ಜನರ ಅವಶೇಷಗಳನ್ನು ಹೊರತೆಗೆದರು. ಅವರಿಗಾಗಿ ಹೊಸ ಸ್ಮಶಾನ ಕಟ್ಟಿದರು. ವಂಶಸ್ಥರ ಡಿಎನ್‌ಎ ಜೊತೆ ಹೋಲಿಸಿ ನೂರಕ್ಕೂ ಹೆಚ್ಚು ಜನರಿಗೆ ಹೆಸರು ಮರಳಿ ಸಿಕ್ಕಿತು. ಅದಕ್ಕಿಂತ ಮೊದಲು ನಮ್ಮಲ್ಲಿ ಯಾರಾದರೂ ಒಬ್ಬರು ರಾತ್ರಿ ಹೊತ್ತು ಹೋಗಿ ಆ ಪದಕವನ್ನು ತಂದು ಮಾರಿಬಿಟ್ಟಿದ್ದರೆ ಏನಾಗುತ್ತಿತ್ತು?

ಇವೆಲ್ಲ ದೂರದವರ ಕಥೆ ಅಂತ ಅನ್ನಿಸುವ ಓದುಗರಿಗೆ ಇದನ್ನೂ ಹೇಳಬೇಕು. ಫ್ರಾನ್ಸ್‌ನ ನವ್ ಶಪೆಲ್‌ನಲ್ಲಿ ಭಾರತೀಯ ಸೈನಿಕರ ಸ್ಮಾರಕ ಇದೆ. ಮೊದಲ ಮಹಾಯುದ್ಧದ ಪಶ್ಚಿಮ ರಂಗದಲ್ಲಿ (ಫ್ರಾನ್ಸ್, ಬೆಲ್ಜಿಯಂ ಕಡೆ) ಸತ್ತು, ಸಮಾಧಿ ಎಲ್ಲಿ ಅಂತಲೇ ತಿಳಿಯದ 4,700ಕ್ಕೂ ಹೆಚ್ಚು ಭಾರತೀಯ ಸೈನಿಕರು ಮತ್ತು ಕಾರ್ಮಿಕ ಪಡೆಯವರ ಹೆಸರು ಅಲ್ಲಿ ಕೆತ್ತಿದೆ. 1915ರ ಮಾರ್ಚ್‌ನಲ್ಲಿ ಆ ಊರಿಗಾಗಿ ನಡೆದ ಕದನದಲ್ಲಿ ಭಾರತೀಯ ಪಡೆ ಮುಂದಿತ್ತು. ಹೆಸರು ಕಲ್ಲಿನ ಮೇಲಿದೆ, ಜನ ಅದೇ ಸೀಮೆಯ ಹೊಲಗಳ ಕೆಳಗೆ ಎಲ್ಲೆಲ್ಲೋ ಇದ್ದಾರೆ. ಆ ಹೊಲಗಳಲ್ಲೂ ಡಿಟೆಕ್ಟರ್‌ಗಳು ಓಡಾಡುತ್ತವೆ.

ಹಾಗಾದರೆ ಹವ್ಯಾಸ ಬಿಡಬೇಕೇ? ಖಂಡಿತ ಬೇಡ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1997ರಿಂದ ಹವ್ಯಾಸಿಗಳು ಸಿಕ್ಕಿದ್ದನ್ನು ತಾವಾಗಿಯೇ ದಾಖಲಿಸುವ ವ್ಯವಸ್ಥೆ ಇದೆ. ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳು ಅಲ್ಲಿ ದಾಖಲಾಗಿವೆ, ಹೆಚ್ಚಿನವು ಡಿಟೆಕ್ಟರ್‌ನವರಿಂದಲೇ. ಇಂಗ್ಲೆಂಡಿನ ದೊರೆ ಮೂರನೇ ರಿಚರ್ಡ್ ಸತ್ತ 1485ರ ಬಾಸ್ವರ್ತ್ ಕದನ ನಿಜಕ್ಕೂ ನಡೆದದ್ದು ಎಲ್ಲಿ ಅನ್ನುವುದನ್ನು ತೋರಿಸಿದ್ದು ಹವ್ಯಾಸಿಗಳೂ ಸೇರಿ ಸಾಲು ಹಿಡಿದು ಹುಡುಕಿದ ಸೀಸದ ಗುಂಡುಗಳು. ಅಲ್ಲೇ ಆ ದೊರೆಯ ಲಾಂಛನವಾದ ಪುಟ್ಟ ಬೆಳ್ಳಿ ಹಂದಿಯೂ ಸಿಕ್ಕಿತು. ರಷ್ಯಾದಲ್ಲಿ ಸಾವಿರಾರು ಸ್ವಯಂಸೇವಕರು ವಸಂತ ಬಂತೆಂದರೆ ಕಾಡು, ಜೌಗುಗಳಿಗೆ ಹೋಗಿ ಸೈನಿಕರನ್ನು ಹುಡುಕಿ ಮರ್ಯಾದೆಯಿಂದ ಮಣ್ಣು ಮಾಡುತ್ತಾರೆ. ಅವರ ಕೈಯಲ್ಲಿರುವುದೂ ನಮ್ಮ ಕೈಯಲ್ಲಿರುವ ಉಪಕರಣವೇ. ಅದೇ ಕಾಡಿಗೆ ಮಾರಾಟಕ್ಕೆಂದು ಅಗೆಯುವವರೂ ಹೋಗುತ್ತಾರೆ, ಅವರನ್ನು ಅಲ್ಲಿ ಕಪ್ಪು ಅಗೆತಗಾರರು ಅನ್ನುತ್ತಾರೆ.

ನಾನು ನಿಮ್ಮಿಂದ ಕೇಳುವುದು ದೊಡ್ಡದೇನಲ್ಲ. ನೆಲದ ಒಡೆಯರ ಮತ್ತು ಇಲಾಖೆಯ ಅನುಮತಿ ಇಲ್ಲದ ಕಡೆ ಗುದ್ದಲಿ ಹಾಕಬೇಡಿ. ಮನುಷ್ಯರ ಮೂಳೆ ಅಂತ ಅನುಮಾನ ಬಂದ ಕೂಡಲೇ ಕೈ ನಿಲ್ಲಿಸಿ. ಇನ್ನೊಂದೇ ಒಂದು ಸಲ ಅಗೆದು ನೋಡೋಣ ಅನ್ನುವ ಆಸೆ ಬರುತ್ತದೆ, ಅಲ್ಲೇ ತಪ್ಪುವುದು. ಏನನ್ನೂ ಎತ್ತದೆ, ಫೋಟೋ ತೆಗೆದು, ಫೋನಿನ ಜಿಪಿಎಸ್‌ನಲ್ಲಿ ಜಾಗ ಗುರುತಿಸಿ, ಮಣ್ಣು ಮುಚ್ಚಿ, ಪೊಲೀಸರಿಗೆ ಹೇಳಿ. ಅಲ್ಲಿಂದ ಮುಂದೆ ಆಯಾ ದೇಶದ ಯುದ್ಧ ಸಮಾಧಿಗಳ ಸಂಸ್ಥೆಗಳು ನೋಡಿಕೊಳ್ಳುತ್ತವೆ. ಮೂಳೆ ಇಲ್ಲದ ಕಡೆ ಸಿಕ್ಕ ಸಣ್ಣಪುಟ್ಟದಕ್ಕೂ ಜಾಗ, ದಿನಾಂಕ ಬರೆದಿಡಿ. ಚೀಟಿ ಇಲ್ಲದ ಅಂಗಿಗುಂಡಿ, ಬಕಲ್ ಯಾವುದಕ್ಕೂ ಆಗುವುದಿಲ್ಲ. ಆ ಜಾಗದ ವಿವರವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ, ದಾಖಲಿಸುವವರಿಗೆ ಮಾತ್ರ ಕೊಡಿ.

ಕೊಳ್ಳುವ ಸಂಗ್ರಾಹಕರೇ, ಈ ವ್ಯಾಪಾರ ನಿಮ್ಮಿಂದ ನಡೆಯುತ್ತಿದೆ. ಕೊಳ್ಳುವವರಿಲ್ಲದಿದ್ದರೆ ರಾತ್ರಿ ಹೊತ್ತು ಕಾಡಿಗೆ ಹೋಗಿ ಮೂಳೆ ಕೆದಕುವ ಕಷ್ಟವನ್ನು ಯಾರೂ ಪಡುವುದಿಲ್ಲ. ಸೈನಿಕರ ಮನೆಯವರೇ ಕೊಟ್ಟದ್ದು, ಸೇನೆಯ ಉಗ್ರಾಣದಿಂದ ಬಂದದ್ದು, ಹೀಗೆ ಮೂಲ ಗೊತ್ತಿರುವ ವಸ್ತುಗಳು ಬೇಕಾದಷ್ಟಿವೆ. ನೆಲದಿಂದ ಬಂದ ಗುರುತಿನ ಬಿಲ್ಲೆಯನ್ನು ಮಾತ್ರ ಕೊಳ್ಳಬೇಡಿ. ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.

ಆನ್‌ಲೈನ್ ಮಾರುಕಟ್ಟೆಗಳ ಒಡೆಯರೇ, ಆನೆದಂತ ಮಾರುವಂತಿಲ್ಲ ಅಂತ ನಿಮ್ಮಲ್ಲಿ ಎಷ್ಟೋ ಜನ ನಿಯಮ ಮಾಡಿದ್ದೀರಿ, ಮನುಷ್ಯರ ಮೂಳೆಗೂ ಮಾಡಿದ್ದೀರಿ. ಆ ಮೂಳೆಯ ಕೊರಳಲ್ಲಿದ್ದ ಬಿಲ್ಲೆಗೆ ಯಾಕಿಲ್ಲ? ನೆಲದಿಂದ ತೆಗೆದ ಸೈನಿಕರ ಗುರುತಿನ ಬಿಲ್ಲೆ ಮತ್ತು ಕೊಳವೆಗಳ ಮಾರಾಟ ನಿಲ್ಲಿಸಿ. ದೂರು ಕೊಟ್ಟವರಿಗೆ ಯಂತ್ರದ ಉತ್ತರ ಕಳಿಸುವ ಬದಲು ಮನುಷ್ಯರೊಬ್ಬರು ಓದಿ ನಿರ್ಧಾರ ಮಾಡುವ ವ್ಯವಸ್ಥೆ ಮಾಡಿ.

ಅನುಮತಿ ಕೊಡುವ ಸರ್ಕಾರಗಳಿಗೂ ಒಂದು ಮಾತು. ವರದಿ ಮಾಡಲು ಬಂದವರನ್ನು ಮೊದಲು ಆರೋಪಿಯ ಹಾಗೆ ಕೂರಿಸಿದರೆ ಎರಡನೇ ಸಲ ಯಾರೂ ಬರುವುದಿಲ್ಲ. ಪ್ರಾಮಾಣಿಕವಾಗಿ ಹೇಳುವವರಿಗೆ ದಾರಿ ಸುಲಭ ಮಾಡಿ.

ಕೊನೆಯದಾಗಿ, ಈಗಾಗಲೇ ಮನೆಯಲ್ಲಿ ಬಿಲ್ಲೆ ಇಟ್ಟುಕೊಂಡವರಿಗೆ. ಹೇಗೆ ಬಂತು ಅಂತ ನಾನು ಕೇಳುವುದಿಲ್ಲ. ಡ್ರಾಯರ್‌ನಿಂದ ತೆಗೆಯಿರಿ. ಮೆತ್ತನೆ ಬಟ್ಟೆಯಲ್ಲಿ ಒರೆಸಿ, ತಂತಿ ಬ್ರಷ್ ಹಾಕಬೇಡಿ, ಅಕ್ಷರ ಹಾರಿಹೋಗುತ್ತದೆ. ಎರಡೂ ಬದಿಯ ಫೋಟೋ ತೆಗೆಯಿರಿ. ಇರುವ ಅಕ್ಷರ, ಅಂಕಿಗಳನ್ನು ಇದ್ದ ಹಾಗೇ ಬರೆದುಕೊಳ್ಳಿ. ಎಲ್ಲಿ ಸಿಕ್ಕಿತು ಅಂತ ನೆನಪಿದ್ದಷ್ಟು ಸೇರಿಸಿ. ಕೊಂಡದ್ದಾದರೆ ಮಾರಿದವರು ಹೇಳಿದ್ದನ್ನು ಬರೆಯಿರಿ. ಜರ್ಮನ್ ಬಿಲ್ಲೆಯಾದರೆ ಬರ್ಲಿನ್‌ನ ಫೆಡರಲ್ ಆರ್ಕೈವ್ಸ್‌ಗೆ ಅಥವಾ ಜರ್ಮನ್ ಯುದ್ಧ ಸಮಾಧಿಗಳನ್ನು ನೋಡಿಕೊಳ್ಳುವ ಫೋಕ್ಸ್‌ಬುಂಡ್ ಸಂಸ್ಥೆಗೆ ಕಳಿಸಿ. ಬೇರೆ ದೇಶದ್ದಾದರೆ ಆ ದೇಶದ ರಾಯಭಾರ ಕಚೇರಿಗೆ ಬರೆದರೂ ಸಾಕು, ಅವರು ಸರಿಯಾದ ಕಡೆ ತಲುಪಿಸುತ್ತಾರೆ. ಮುಂದಿನ ಸಲ ಡಿಟೆಕ್ಟರ್ ಹೆಗಲಿಗೆ ಹಾಕಿಕೊಂಡು ಹೊರಡುವ ಮೊದಲು ಇದೊಂದು ಕೆಲಸ ಮುಗಿಸಿ ಅಂತ ಕೈಮುಗಿದು ಕೇಳುತ್ತೇನೆ.

ಇಂತಿ,
ನಿಮ್ಮಲ್ಲೊಬ್ಬ ಹವ್ಯಾಸಿ